ನಸುಕಿನ ಅಂಕಣ: ಶಾಲೆಯ ಗೇಟಿನೊಳಗೆ ಬೆಳೆದ ಬಾಸ್ಕೆಟ್‌ಬಾಲ್

ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಮುಖ್ಯಗುರುಗಳ ಪಟ್ಟಿ ಇರುತ್ತದೆ, ಎಸ್ಸೆಸ್ಸೆಲ್ಸಿ ಫಲಿತಾಂಶವಿರುತ್ತದೆ, ಗೆದ್ದ ಶೀಲ್ಡುಗಳ ಫೋಟೊ ಇರುತ್ತದೆ. ಪ್ರಾರ್ಥನೆಯ ಗಂಟೆಗೆ ಮೊದಲೇ ಮುಗಿದುಹೋಗುವ ಬಾಸ್ಕೆಟ್‌ಬಾಲ್ ಆಟಕ್ಕೆ ಮಾತ್ರ ಅಲ್ಲಿ ಜಾಗ ಸಿಗುವುದಿಲ್ಲ. ಅದಕ್ಕೆ ಹಾಜರಿ ಪುಸ್ತಕವಿಲ್ಲ, ವರದಿ ಬರೆಯುವವರೂ ಇಲ್ಲ. ಆದರೂ ಈ ಆಟ ನಮ್ಮ ಕಲಬುರಗಿ ಸೀಮೆಯ ಶಾಲೆಗಳವರೆಗೆ ಬಂದ ದಾರಿ ಗುರುತಿಸುವಷ್ಟು ಸ್ಪಷ್ಟವಾಗಿದೆ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಈ ಆಟ ಕಟ್ಟಿದರು. ಗ್ಯಾಲರಿಯ ಕಟಕಟೆಗೆ ಎರಡು ಹಣ್ಣಿನ ಬುಟ್ಟಿ ಹೊಡೆಸಿದರು. ಆ ಕಟಕಟೆ ಇದ್ದದ್ದು 10 ಅಡಿ ಎತ್ತರದಲ್ಲಿ. ಇಂದಿಗೂ ಬಳೆಯ ಎತ್ತರ ಅಷ್ಟೇ.

ನಮ್ಮ ದೇಶಕ್ಕೆ ಬಂದರೆ, 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. 1931ರಲ್ಲಿ ಹೈದರಾಬಾದಿನಲ್ಲೂ ಸರ್ಕಾರಿ ದೈಹಿಕ ಶಿಕ್ಷಣ ಕಾಲೇಜು ಶುರುವಾಯಿತು. ನಮ್ಮ ಸೀಮೆಯ ಸೇಡಂ, ಚಿತ್ತಾಪುರ, ಆಡಕಿ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. 1874ರಲ್ಲಿ ತೆರೆದ ವಾಡಿ–ಹೈದರಾಬಾದ್ ರೈಲುಮಾರ್ಗ ಸೇಡಂ ಮೇಲೆಯೇ ಹಾದುಹೋಗುತ್ತದೆ. 1956ರಲ್ಲಿ ಈ ನಾಡು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಓದಿಗೂ ನೌಕರಿಗೂ ನಮ್ಮವರ ಮುಖ ಹೈದರಾಬಾದಿನ ಕಡೆಗೇ ಇತ್ತು. ಆಟವೂ ಆ ದಾರಿಯಲ್ಲೇ ಬಂದಿರಬೇಕು.

ಹಾಗಿದ್ದೂ ಕಬಡ್ಡಿ, ವಾಲಿಬಾಲ್ ಹಬ್ಬಿದಷ್ಟು ಬೇಗ ಬಾಸ್ಕೆಟ್‌ಬಾಲ್ ಹಳ್ಳಿಗಳಿಗೆ ಹಬ್ಬಲಿಲ್ಲ. ಅಡ್ಡಬಂದದ್ದು ಎರೆಮಣ್ಣು. ತೊಗರಿಗೆ ವರವಾದ ಈ ನೆಲ ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ವಾಲಿಬಾಲ್ ಗಾಳಿಯಲ್ಲೇ ಆಡುವ ಆಟ, ಹೇಗೋ ನಡೆದೀತು. ಬಾಸ್ಕೆಟ್‌ಬಾಲಿನಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುತ್ತಲೇ ಓಡಬೇಕು. ಅದಕ್ಕೆ ಗಟ್ಟಿ ನೆಲ ಬೇಕೇ ಬೇಕು. ವಾಡಿ, ಸೇಡಂನ ಸಿಮೆಂಟು ನಾಡಿಗೆಲ್ಲ ಹೋಗುತ್ತಿದ್ದರೂ ಇಲ್ಲಿಯ ಶಾಲಾ ಮಕ್ಕಳಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಕಾಂಕ್ರೀಟು ಹಾಸು ದುಬಾರಿಯಾಗಿತ್ತು. ಈಚಿನ ವರ್ಷಗಳಲ್ಲಿ ಉದ್ಯೋಗ ಖಾತ್ರಿ ಯೋಜನೆಯಡಿ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳು ಸರ್ಕಾರಿ ಶಾಲೆಗಳಲ್ಲಿ ಅಂಕಣ ಕಟ್ಟಿಸಿದ ಮೇಲೆ ಈ ಕೊರತೆ ಅಷ್ಟಿಷ್ಟು ತುಂಬುತ್ತಿದೆ.

ಇನ್ನು ಹೊತ್ತಿನ ಮಾತು. ಚಳಿ ತಪ್ಪಿಸಲು ಹುಟ್ಟಿದ ಆಟವನ್ನು ನಾವು ಬಿಸಿಲು ತಪ್ಪಿಸಿ ಆಡಬೇಕು. ಕಲಬುರಗಿ ಭಾಗದಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತವೆ. ಕಾಂಕ್ರೀಟು ಅಂಕಣವಂತೂ ಹೊತ್ತೇರುತ್ತಲೇ ಕಾಯುತ್ತದೆ. ಹೀಗಾಗಿ ನಮ್ಮಲ್ಲಿ ಈ ಆಟಕ್ಕೆ ನಸುಕೇ ಸರಿಯಾದ ಸಮಯ.

ನಸುಕಿನ ಆಟಕ್ಕೆ ತನ್ನದೇ ಕಟ್ಟಳೆ. ಮೊದಲು ಬಂದವರು ಮೊದಲ ತಂಡ. ಗೆದ್ದವರು ಉಳಿಯಬೇಕು, ಸೋತವರು ಜಾಗ ಬಿಡಬೇಕು. ರೆಫರಿ ಇಲ್ಲದ್ದರಿಂದ ಫೌಲ್ ಆದರೆ ಆಟಗಾರರೇ ಒಪ್ಪಿಕೊಳ್ಳಬೇಕು. ಒಂಬತ್ತನೇ ತರಗತಿಯ ಹುಡುಗ ತನ್ನ ಗಣಿತದ ಸರ್ ವಿರುದ್ಧವೂ ಆಡಬಹುದು. ಹತ್ತು ಮಂದಿ ಸೇರದಿದ್ದರೂ ಆಟ ನಿಲ್ಲುವುದಿಲ್ಲ. ಒಂದೇ ಬಳೆ, ಅರ್ಧ ಅಂಕಣ, ತಂಡಕ್ಕೆ ಮೂವರಿದ್ದರೆ ಸಾಕು. ಬೀದಿಯಲ್ಲಿ ಬೆಳೆದ ಈ ಬಗೆಯೇ 3x3 ಎಂಬ ಹೆಸರಿನಲ್ಲಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಏರಿತು. ಅಲ್ಲಿ ಪಂದ್ಯ 10 ನಿಮಿಷದ್ದು, ಅದರೊಳಗೆ 21 ಅಂಕ ಮುಟ್ಟಿದವರು ಗೆದ್ದಂತೆ.

ಶಾಲೆಯ ತಂಡ ಪ್ರತಿ ವರ್ಷ ಬದಲಾಗುತ್ತದೆ. ನಸುಕಿನ ಆಟ ಮಾತ್ರ ಶಾಲೆ ಬಿಟ್ಟವರನ್ನೂ ಮರಳಿ ಕರೆತರುತ್ತದೆ. ಅದಕ್ಕೆ ಬೇಕಾದದ್ದು ಗಟ್ಟಿ ನೆಲ, ಒಂದು ಕಂಬ, ಹೊತ್ತಿಗೆ ಸರಿಯಾಗಿ ತೆರೆಯುವ ಗೇಟು. ಆದ್ದರಿಂದ ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಶಾಲೆಯ ಮಹೋತ್ಸವದ ನೆನಪಿಗೆ ಇನ್ನೊಂದು ಕಮಾನು ಕಟ್ಟಿಸುವ ಬದಲು ಒಂದು ಅಂಕಣ ಹಾಕಿಸಿ. ಗೇಟಿನ ಕೀಲಿಯನ್ನು ನಸುಕಿನಲ್ಲಿ ಏಳುವ ಜವಾಬ್ದಾರಿಯ ಒಬ್ಬರ ಕೈಗೆ ಕೊಡಿ.