ವೃತ್ತಿನೆಲೆ ಮತ್ತು ಸಂಶೋಧನಾಸಕ್ತಿ: ಮೈಸೂರು ವಿಶ್ವವಿದ್ಯಾನಿಲಯದ ಮೊದಲ ತಲೆಮಾರಿನ ವಿದ್ವಾಂಸರು

ಕರ್ನಾಟಕದ ಇತಿಹಾಸ ಸಂಶೋಧನೆಯ ಚರಿತ್ರೆಯನ್ನು ನಿರೂಪಿಸುವಾಗ ವಿದ್ವಾಂಸರ ಕೃತಿಗಳನ್ನು ಕಾಲಾನುಕ್ರಮದಲ್ಲಿ ಹೆಸರಿಸಿ, ಅವರು ಪಡೆದ ಪದವಿ ಪುರಸ್ಕಾರಗಳನ್ನು ನಮೂದಿಸುವುದು ರೂಢಿ. ಯಾರು ಏನನ್ನು ಬರೆದರು ಎಂಬುದು ಇದರಿಂದ ತಿಳಿಯುತ್ತದೆ. ಅದನ್ನೇ ಏಕೆ ಬರೆದರು ಎಂಬುದು ತಿಳಿಯುವುದಿಲ್ಲ. ವಿದ್ವಾಂಸನೊಬ್ಬನು ಅಧ್ಯಾಪಕನಾಗುವ ಮೊದಲು, ಅಥವಾ ಅಧ್ಯಾಪನದ ಜೊತೆಯಲ್ಲಿಯೇ, ಯಾವ ಕೆಲಸದಲ್ಲಿದ್ದನು, ದಿನನಿತ್ಯ ಅವನ ಕೈಗೆ ಬರುತ್ತಿದ್ದ ಆಕರ ಯಾವುದು ಎಂಬ ಪ್ರಶ್ನೆಗಳು ಇಂಥ ಪಟ್ಟಿಗಳಲ್ಲಿ ಏಳುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಆರಂಭಕಾಲದ ವಿದ್ವಾಂಸರನ್ನು ಮುಖ್ಯವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ಸ್ಥಾಪನೆಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ರೂಪುಗೊಂಡ ಈ ಸಂಸ್ಥೆ ದೇಶೀಯ ಸಂಸ್ಥಾನಗಳಲ್ಲಿ ಮೊದಲನೆಯದು. ಅದುವರೆಗೆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹೊಸ ವಿಶ್ವವಿದ್ಯಾನಿಲಯವು ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೊಡನೆ ಆರಂಭವಾಯಿತು. ಆದರೆ ಸಂಸ್ಥಾನದಲ್ಲಿ ಸಂಶೋಧನೆಯು ಇದಕ್ಕಿಂತ ಹಳೆಯದು. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯ ಮತ್ತು ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ಬೆಳೆದ ಪುರಾತತ್ತ್ವ ಇಲಾಖೆಗಳು ಅದಕ್ಕೆ ನೆಲೆಯಾಗಿದ್ದವು. ವಿಶ್ವವಿದ್ಯಾನಿಲಯ ಹುಟ್ಟುವಾಗ ಅದಕ್ಕೆ ಬೇಕಾದ ಸಂಶೋಧಕರು ಆಗಲೇ ಸಿದ್ಧರಾಗಿದ್ದರು. ಅವರನ್ನು ಸಿದ್ಧಪಡಿಸಿದ್ದು ತರಗತಿಗಳಿಗಿಂತ ಹೆಚ್ಚಾಗಿ ಕಚೇರಿಗಳು.

ರೈಸ್ ಅವರ ಉದಾಹರಣೆಯೇ ಇದಕ್ಕೆ ಪೂರ್ವಪೀಠಿಕೆ. ಬೆಂಗಳೂರಿನಲ್ಲಿ ಜನಿಸಿದ ಅವರು ಶಾಲಾ ಮುಖ್ಯಸ್ಥರಾಗಿ, ಅನಂತರ ವಿದ್ಯಾ ಇಲಾಖೆಯ ತನಿಖಾಧಿಕಾರಿಯಾಗಿ ಕೆಲಸ ಮಾಡಿದವರು. ಶಾಲೆಗಳ ತನಿಖೆಗಾಗಿ ಊರೂರು ಸುತ್ತುವ ಕರ್ತವ್ಯವೇ ಅವರಿಗೆ ಶಿಲಾಶಾಸನಗಳ ಪರಿಚಯ ಮಾಡಿಸಿತು. 1879ರಲ್ಲಿ ಪ್ರಕಟವಾದ ಅವರ ಮೈಸೂರು ಶಾಸನಗಳ ಸಂಕಲನಕ್ಕೆ ಬಹುಮಟ್ಟಿಗೆ ಮೇಜರ್ ಡಿಕ್ಸನ್ ತೆಗೆದಿದ್ದ ಛಾಯಾಚಿತ್ರಗಳೇ ಆಧಾರ. 1886ರಲ್ಲಿ ಕೊಡಗಿನ ಶಾಸನಗಳೊಡನೆ ಆರಂಭವಾದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆ ಸಂಸ್ಥಾನವನ್ನು ಜಿಲ್ಲೆ ತಾಲ್ಲೂಕುಗಳ ಕ್ರಮದಲ್ಲಿ ಒಳಗೊಂಡಿತು. ಈ ಕ್ರಮವು ಆಡಳಿತ ಪ್ರವಾಸದ ಕ್ರಮವೇ ಆಗಿದೆ. ಕರ್ನಾಟಕದ ಇತಿಹಾಸಕಾರನು ಇಂದಿಗೂ ಶಾಸನವನ್ನು ತಾಲ್ಲೂಕು ಮತ್ತು ಸಂಖ್ಯೆಯ ಮೂಲಕ ಉಲ್ಲೇಖಿಸುವಾಗ, ಹತ್ತೊಂಬತ್ತನೆಯ ಶತಮಾನದ ಅಧಿಕಾರಿಯೊಬ್ಬನ ವೃತ್ತಿಮಾರ್ಗವನ್ನೇ ಹಿಂಬಾಲಿಸುತ್ತಿರುತ್ತಾನೆ.

ಗ್ರಂಥಾಲಯದಿಂದ ಬಂದವರು

ಪ್ರಾಚ್ಯ ಗ್ರಂಥಾಲಯವು 1916ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಇಲ್ಲಿಯ ವೃತ್ತಿಜೀವನವು ಸಂಶೋಧನೆಯಾಗಿ ಮಾರ್ಪಟ್ಟ ಬಗೆಗೆ ಆರ್. ಶಾಮಶಾಸ್ತ್ರಿಗಳು ಶ್ರೇಷ್ಠ ನಿದರ್ಶನ. ಹಸ್ತಪ್ರತಿಗಳನ್ನು ಪರೀಕ್ಷಿಸಿ, ವಿಂಗಡಿಸಿ, ಅವುಗಳ ವಿವರಗಳನ್ನು ದಾಖಲಿಸುವುದು ಗ್ರಂಥಪಾಲಕರ ದೈನಂದಿನ ಕರ್ತವ್ಯ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಗ್ರಂಥಾಲಯಕ್ಕೆ ಬಂದ, ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು 1905ರಲ್ಲಿ ಗುರುತಿಸಿದಾಗ, ಶತಮಾನಗಳಿಂದ ಹೆಸರಿನಿಂದ ಮಾತ್ರ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ದೊರೆಯಿತು. ಸಂಸ್ಕೃತ ಪಾಠವು 1909ರಲ್ಲಿ, ಇಂಗ್ಲಿಷ್ ಅನುವಾದವು ಜೆ.ಎಫ್. ಫ್ಲೀಟ್ ಅವರ ಪೀಠಿಕೆಯೊಡನೆ 1915ರಲ್ಲಿ ಪ್ರಕಟವಾದುವು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತ ಚರ್ಚೆಯ ದಿಕ್ಕನ್ನೇ ಬದಲಿಸಿದ ಈ ಶೋಧವು ಪೂರ್ವಯೋಜಿತ ಸಂಶೋಧನಾ ವಿಷಯದ ಫಲವಲ್ಲ. ಬಂದ ಓಲೆಯನ್ನು ಓದಲೇಬೇಕಾದ ಕರ್ತವ್ಯ ಮತ್ತು ಓದಿದ್ದು ಏನೆಂದು ಗುರುತಿಸಬಲ್ಲ ಶಾಸ್ತ್ರಪಾಂಡಿತ್ಯ ಇವೆರಡೂ ಒಬ್ಬರಲ್ಲಿಯೇ ಕೂಡಿದ್ದುದರ ಫಲ. ಮುಂದೆ ಅವರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾದರು. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಗೌರವ ಪಡೆದರು. ಇಲ್ಲಿ ಪದವಿಯು ಸಂಶೋಧನೆಯನ್ನು ಹಿಂಬಾಲಿಸಿತೇ ಹೊರತು ಅದಕ್ಕೆ ದಾರಿಯಾಗಲಿಲ್ಲ.

ಎಂ. ಹಿರಿಯಣ್ಣನವರೂ ವೃತ್ತಿಯ ಆರಂಭದಲ್ಲಿ ಇದೇ ಗ್ರಂಥಾಲಯದಲ್ಲಿದ್ದವರು. ಬಳಿಕ ಶಾಲಾಶಿಕ್ಷಣ ಮತ್ತು ಶಿಕ್ಷಕರ ತರಬೇತಿಯ ಕ್ಷೇತ್ರದಲ್ಲಿ ದುಡಿದು ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯ ಗ್ರಂಥಕ್ಕೆ ವಿಶ್ವವಿದ್ಯಾನಿಲಯದಲ್ಲಿ ಅನೇಕ ವರ್ಷ ನೀಡಿದ ಉಪನ್ಯಾಸಗಳೇ ಮೂಲ. ಅದರ ಮಿತವಾದ ಮಾತು ಮತ್ತು ಒಂದು ದರ್ಶನದ ನಿಲುವನ್ನು ಇನ್ನೊಂದರ ಕಣ್ಣಿನಿಂದ ಅಳೆಯದ ನ್ಯಾಯಬುದ್ಧಿಯಲ್ಲಿ ಶಿಕ್ಷಕರ ಶಿಕ್ಷಕರಾಗಿದ್ದವರ ಶಿಸ್ತನ್ನು ಕಾಣಬಹುದು. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ರಾಧಾಕೃಷ್ಣನ್ ಅದೇ ಪರಂಪರೆಯನ್ನು ಪಾಶ್ಚಾತ್ಯ ಚಿಂತನೆಯೊಡನೆ ಸಂವಾದಕ್ಕೆ ತಂದರು. ಗ್ರಂಥಾಲಯದಿಂದ ಬಂದವರು ಪಾಠದ ಅಂತರಂಗವನ್ನು ಹಿಡಿದರು. ತತ್ತ್ವಶಾಸ್ತ್ರ ವಿಭಾಗದ ಬೋಧನೆಯಿಂದ ಬಂದವರು ತುಲನೆಯ ಮಾರ್ಗವನ್ನು ಹಿಡಿದರು.

ನ್ಯಾಯಾಲಯ, ಇಲಾಖೆ, ಉತ್ಖನನ

ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ನ್ಯಾಯಾಂಗದಿಂದ ಬಂದವರು. ಮುಖ್ಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು. ಸಂಸ್ಥಾನದ ಜನಾಂಗೀಯ ಸಮೀಕ್ಷೆಯ ಹೊಣೆಯನ್ನೂ ಹೊತ್ತಿದ್ದ ಅವರು ಒಂದೊಂದು ಜಾತಿ ಬುಡಕಟ್ಟನ್ನು ಕುರಿತು ಬರೆದ ಕಿರುಹೊತ್ತಗೆಗಳಲ್ಲಿ ವಿವಾಹ, ದತ್ತು, ದಾಯಭಾಗ, ಕುಲಪಂಚಾಯಿತಿಗಳ ಸಂಗತಿಗಳಿಗೆ ಸಾಕಷ್ಟು ಸ್ಥಳ ದೊರೆತಿದೆ. ಸಮೀಕ್ಷೆಯ ಪ್ರಶ್ನಾವಳಿಯು ಅಖಿಲ ಭಾರತ ಮಟ್ಟದ್ದಾದರೂ, ರೂಢಿಯೇ ಸಾಕ್ಷ್ಯವಾಗುವ ದಾವೆಗಳನ್ನು ಕಂಡ ನ್ಯಾಯಾಧೀಶನಿಗೆ ಇವು ಅಪರಿಚಿತ ವಿಷಯಗಳಾಗಿರಲಿಲ್ಲ. ಅವರು 1920ರಲ್ಲಿ ನಿಧನರಾದ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಈ ಸಾಮಗ್ರಿಯನ್ನು ವಿಸ್ತರಿಸಿ ಪೂರ್ಣಗೊಳಿಸಿದರು. ನಾಲ್ಕು ಸಂಪುಟಗಳು 1928ರಿಂದ 1935ರ ಅವಧಿಯಲ್ಲಿ ವಿಶ್ವವಿದ್ಯಾನಿಲಯದಿಂದ ಹೊರಬಂದುವು.

ಪುರಾತತ್ತ್ವ ಇಲಾಖೆಯ ನೆಲೆಯು ಮತ್ತೊಂದು ಬಗೆಯ ಆಸಕ್ತಿಯನ್ನು ಬೆಳೆಸಿತು. ರೈಸ್ ಅವರ ತರುವಾಯ 1906ರಿಂದ 1922ರವರೆಗೆ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ವಿಶ್ವವಿದ್ಯಾನಿಲಯದ ಅಧ್ಯಾಪಕರಲ್ಲದಿದ್ದರೂ ಅವರ ‘ಕರ್ಣಾಟಕ ಕವಿಚರಿತೆ’ಯನ್ನು ಬಿಟ್ಟು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನವನ್ನು ಊಹಿಸಲಾಗದು. 1907, 1919 ಮತ್ತು 1929ರಲ್ಲಿ ಪ್ರಕಟವಾದ ಅದರ ಮೂರು ಸಂಪುಟಗಳಲ್ಲಿ ಕವಿಯ ಕಾಲ, ಆಶ್ರಯದಾತ, ಮತ, ಗುರುಪರಂಪರೆ ಮುಂತಾದ ವಿಷಯಗಳು ನಿರ್ಣಯಗೊಳ್ಳುವ ವಿಧಾನ ಶಾಸನತಜ್ಞನದು. ಕಾವ್ಯದ ಒಳಗಿನ ಉಲ್ಲೇಖವನ್ನು ಕಲ್ಲಿನ ಬರಹದೊಡನೆ ಹೊಂದಿಸಿ ನೋಡುವ ಅನುಕೂಲವು ಆ ಕಾಲದಲ್ಲಿ ಇಲಾಖೆಯ ಅಧಿಕಾರಿಗೆ ಇದ್ದಷ್ಟು ಮತ್ತಾರಿಗೂ ಇರಲಿಲ್ಲ.

ಬೋಧನೆ ಮತ್ತು ಇಲಾಖೆಗಳು ಒಂದಾದದ್ದು ಎಂ.ಎಚ್. ಕೃಷ್ಣ ಅವರಲ್ಲಿ. ಮಹಾರಾಜಾ ಕಾಲೇಜಿನ ಇತಿಹಾಸ ಪ್ರಾಧ್ಯಾಪಕರಾಗಿದ್ದ ಅವರು 1929ರಿಂದ 1947ರವರೆಗೆ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. ದಖನ್ನಿನ ನಾಣ್ಯಶಾಸ್ತ್ರವನ್ನು ಕುರಿತ ಅಧ್ಯಯನಕ್ಕಾಗಿ ಲಂಡನ್ ವಿಶ್ವವಿದ್ಯಾನಿಲಯದ ಡಿ.ಲಿಟ್. ಪಡೆದಿದ್ದ ಅವರು 1929ರಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ಅಲ್ಲಿ ದೊರೆತ ಸಾತವಾಹನರ ಕಾಲದ ನಾಣ್ಯಗಳು ಮತ್ತು ರೋಮನ್ ಬೆಳ್ಳಿನಾಣ್ಯಗಳು ನೆಲೆಯ ಕಾಲನಿರ್ಣಯಕ್ಕೆ ಆಧಾರವಾದುವು. ಅದೇ ಸ್ಥಳದ ಮಯೂರಶರ್ಮನ ಶಾಸನಕ್ಕೆ ಅವರು ನೀಡಿದ ಪಾಠವನ್ನು ನಂತರದ ವಿದ್ವಾಂಸರು ಪ್ರಶ್ನಿಸಿದರೂ ಚರ್ಚೆಯ ಮೊದಲ ಹೆಜ್ಜೆ ಅವರದೇ. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರೂ ಅವರೇ. 1940ರ ದಶಕದ ಆರಂಭದಲ್ಲಿ ಅವರು ಅಗೆದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಉತ್ಖನನ ಕೈಗೊಂಡರು.

ಇದಕ್ಕೆ ಹೋಲಿಸಬಹುದಾದ ಬೆಳವಣಿಗೆ ಉತ್ತರ ಕರ್ನಾಟಕದಲ್ಲಿಯೂ ಕಂಡುಬರುತ್ತದೆ. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕನ್ನಡ ಸಂಶೋಧನ ಸಂಸ್ಥೆಯ ಮೊದಲ ನಿರ್ದೇಶಕ ಆರ್.ಎಸ್. ಪಂಚಮುಖಿಯವರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದ ಪಿ.ಬಿ. ದೇಸಾಯಿಯವರು ಇಬ್ಬರೂ ಕೇಂದ್ರ ಸರಕಾರದ ಶಾಸನ ಇಲಾಖೆಯಲ್ಲಿ ಪಳಗಿದವರು. ಪಂಚಮುಖಿಯವರು 1941ರಲ್ಲಿ ಕರ್ನಾಟಕ ಶಾಸನಗಳ ಮೊದಲ ಸಂಪುಟವನ್ನು ಹೊರತಂದರೆ, ದೇಸಾಯಿಯವರು 1957ರಲ್ಲಿ ದಕ್ಷಿಣ ಭಾರತದ ಜೈನಧರ್ಮವನ್ನು ಶಾಸನಗಳ ಆಧಾರದಿಂದ ನಿರೂಪಿಸಿದರು.

ವೃತ್ತಿನೆಲೆಯ ಮಿತಿ

ಇಷ್ಟರಿಂದ ಮೊದಲ ತಲೆಮಾರನ್ನು ಆದರ್ಶವೆಂದು ಕೊಂಡಾಡಿ ಮುಗಿಸುವುದು ಏಕಪಕ್ಷೀಯವಾಗುತ್ತದೆ. ಆಕರವನ್ನು ಮುಟ್ಟುವ ಅವಕಾಶವೇ ಆಸಕ್ತಿಯನ್ನು ರೂಪಿಸುವುದಾದರೆ, ಆ ಅವಕಾಶ ಯಾರಿಗಿತ್ತು ಎಂಬುದೂ ಇತಿಹಾಸದ ಪ್ರಶ್ನೆಯೇ. ಮೈಸೂರು ಸಂಸ್ಥಾನದ ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರ ಪ್ರಾಬಲ್ಯವಿದ್ದುದರಿಂದಲೇ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕಗೊಂಡಿತು. ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಹೆಚ್ಚಿಸಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು. ವಿಶ್ವವಿದ್ಯಾನಿಲಯದ ಆರಂಭ ಮತ್ತು ಈ ವಿವಾದ ಒಂದೇ ಕಾಲದವು. ಮೇಲೆ ಹೆಸರಿಸಿದ ವಿದ್ವಾಂಸರಲ್ಲಿ ಒಬ್ಬ ಮಹಿಳೆಯೂ ಇಲ್ಲ. ಸಂಸ್ಕೃತ ಪಾಠಗಳು, ರಾಜವಂಶಗಳು, ದಾನಶಾಸನಗಳು, ಆಸ್ಥಾನಕವಿಗಳು ಮುಂದಿನ ಸಾಲಿಗೆ ಬಂದುದಕ್ಕೆ ಆಕರಗಳ ಸ್ವರೂಪ ಎಷ್ಟು ಕಾರಣವೋ, ಆಕರಗಳ ಬಳಿ ಕುಳಿತವರ ಸಾಮಾಜಿಕ ಹಿನ್ನೆಲೆಯೂ ಅಷ್ಟೇ ಕಾರಣ. ಓಲೆಗರಿಗಳನ್ನು ಓದಿ ಪ್ರತಿಮಾಡುತ್ತಿದ್ದ ಪಂಡಿತರಿಗೂ ಪ್ರಾಧ್ಯಾಪಕರಿಗೂ ನಡುವೆ ಇದ್ದ ಅಂತರವನ್ನು ಮರೆಯುವಂತಿಲ್ಲ.

ಈ ಬಾಗಿಲನ್ನು ಅಗಲಗೊಳಿಸಿದ್ದು ಸ್ನಾತಕೋತ್ತರ ಶಿಕ್ಷಣ. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, 1960ರಲ್ಲಿ ಮಾನಸಗಂಗೋತ್ರಿ ರೂಪುಗೊಂಡಿತು. ಗ್ರಾಮೀಣ ಹಾಗೂ ಕೃಷಿಕ ಕುಟುಂಬಗಳಿಂದ ಬಂದವರು ಪದವಿಯ ಮೂಲಕ ಅಧ್ಯಾಪಕರಾದಂತೆ ಆಕರ ಎಂಬ ಪದದ ಅರ್ಥವೂ ಹಿಗ್ಗಿತು. ಧಾರವಾಡದಲ್ಲಿ ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ಡಾಕ್ಟರೇಟ್ ಅಧ್ಯಯನಕ್ಕೆ ವಸ್ತುವಾಗಿಸಿದರು. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯನವರು ಹಳ್ಳಿಯ ಕಲಾವಿದರ ಕಾವ್ಯಗಳನ್ನು ಸಂಗ್ರಹಿಸಿದರು. ಜಾನಪದ ವಸ್ತುಸಂಗ್ರಹಾಲಯವು ವಿಶ್ವವಿದ್ಯಾನಿಲಯದ ಭಾಗವಾಯಿತು. ಶಿಲೆ ಮತ್ತು ಓಲೆಗಳಲ್ಲಿ ಸ್ಥಾನ ಪಡೆಯದ ಜನರ ನೆನಪು ಅಧ್ಯಯನಯೋಗ್ಯವೆಂದು ಒಪ್ಪಿತವಾದದ್ದು ಹೀಗೆ.

ಪದವಿಯ ದಾರಿ ಹಳೆಯ ಶ್ರಮವನ್ನು ಕಡೆಗಣಿಸಲಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. 1966ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಸಂಶೋಧನ ಪ್ರಬಂಧವಾಗಿ ಸಿದ್ಧವಾದ ಕೃತಿ. ಅರಸರ ವಂಶಾವಳಿಗಾಗಿ ಓದುತ್ತಿದ್ದ ಶಾಸನಗಳಲ್ಲಿ ಅದು ಜನಜೀವನವನ್ನು ಹುಡುಕಿತು. ರೈಸ್ ಮತ್ತು ನರಸಿಂಹಾಚಾರ್ಯರಂಥವರು ಸಿದ್ಧಪಡಿಸಿದ ಮುದ್ರಿತ ಸಂಪುಟಗಳಿಲ್ಲದೆ ಅಂಥ ಅಧ್ಯಯನ ಸಾಧ್ಯವಿರಲಿಲ್ಲ. ಹೊಸ ಪ್ರಶ್ನೆಯಿಲ್ಲದಿದ್ದರೆ ಆ ಸಂಪುಟಗಳು ಅಷ್ಟನ್ನು ನುಡಿಯುತ್ತಲೂ ಇರಲಿಲ್ಲ. ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಹೊರತರಲಾರಂಭಿಸಿದಾಗ ಇಲಾಖೆಯ ಕಾರ್ಯವಿಧಾನ ಮತ್ತು ವಿಶ್ವವಿದ್ಯಾನಿಲಯದ ಪಾಂಡಿತ್ಯ ಮತ್ತೊಮ್ಮೆ ಜೊತೆಗೂಡಿದುವು.

ಸಮಾರೋಪ

ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆ ಮತ್ತು ಪಿಎಚ್.ಡಿ.ಗಳು ವಿಶ್ವವಿದ್ಯಾನಿಲಯದ ಪ್ರವೇಶದ್ವಾರಗಳಾಗಿ ನೆಲೆಗೊಂಡವು. ವಿಷಯವನ್ನು ಮೊದಲು ಆರಿಸಿ ಆಕರವನ್ನು ಅನಂತರ ಹುಡುಕುವ ಕ್ರಮ ಸಹಜವಾಯಿತು. ಶಾಮಶಾಸ್ತ್ರಿಗಳ ಕಾಲದಲ್ಲಿ ಕ್ರಮವು ಇದಕ್ಕೆ ವಿರುದ್ಧವಾಗಿತ್ತು. 2022ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ವಿವಿಧ ವೃತ್ತಿಗಳ ಅನುಭವಿಗಳನ್ನು ಔಪಚಾರಿಕ ಪದವಿಯ ನಿರ್ಬಂಧವಿಲ್ಲದೆ ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಳ್ಳಲು ಮಾರ್ಗಸೂಚಿ ಹೊರಡಿಸಿದಾಗ, ಮೈಸೂರು ಶತಮಾನದ ಹಿಂದೆ ನಡೆದ ದಾರಿಯೊಂದು ಬೇರೆ ಹೆಸರಿನಲ್ಲಿ ತೆರೆದಂತಾಯಿತು. ಆದರೆ ಮೊದಲ ತಲೆಮಾರಿನವರು ವೃತ್ತಿಯ ಕೀರ್ತಿಯನ್ನಷ್ಟೇ ವಿಶ್ವವಿದ್ಯಾನಿಲಯಕ್ಕೆ ತರಲಿಲ್ಲ. ಓಲೆಗರಿ, ಶಾಸನದ ಪ್ರತಿ, ನಾಣ್ಯ, ರೂಢಿಗಳ ದಾಖಲೆಗಳನ್ನು ತಂದರು, ಅವುಗಳನ್ನು ಓದುವ ಶಿಸ್ತನ್ನೂ ತಂದರು.

ಆದ್ದರಿಂದ ವಿಶ್ವವಿದ್ಯಾನಿಲಯಗಳ ಸಂಶೋಧನಾ ಚರಿತ್ರೆಯನ್ನು ಬರೆಯುವವರು ಪದವಿಗಳ ಪಟ್ಟಿಯ ಜೊತೆಗೆ ಸೇವಾ ದಾಖಲೆಗಳು, ಇಲಾಖಾ ವರದಿಗಳು ಮತ್ತು ಗ್ರಂಥಾಲಯಗಳ ಹಸ್ತಪ್ರತಿ ಸೂಚಿಗಳನ್ನೂ ಆಕರವಾಗಿ ಪರಿಗಣಿಸುವುದು ಅಗತ್ಯ. ವಿದ್ವಾಂಸನು ಎಲ್ಲಿ ಕುಳಿತು ಯಾವುದನ್ನು ಓದುತ್ತಿದ್ದನು, ಅಲ್ಲಿ ಕುಳಿತುಕೊಳ್ಳಲು ಯಾರಿಗೆ ಅವಕಾಶವಿರಲಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಕೂಡಿಯೇ ಕೇಳಿದಾಗ ಕರ್ನಾಟಕದ ಇತಿಹಾಸವು ಈ ರೂಪವನ್ನು ತಳೆದುದಕ್ಕೆ ಕಾರಣಗಳು ಸ್ಪಷ್ಟವಾಗುತ್ತವೆ.