ವಿಶ್ವವಿದ್ಯಾಲಯ ಆವರಣದ ನಿಸ್ತಂತು ಸಂವೇದಕ ಜಾಲ

ವಿಶ್ವವಿದ್ಯಾಲಯದ ಆವರಣದಲ್ಲಿ ಹರಡಿಕೊಂಡಿರುವ ನೀರಿನ ಟ್ಯಾಂಕು, ಸಂಪು, ವಿದ್ಯುತ್ ಮೀಟರು ಮೊದಲಾದೆಡೆ ಅಳವಡಿಸಿದ ಸಣ್ಣ ಘಟಕಗಳು ತಮ್ಮ ಅಳತೆಗಳನ್ನು ರೇಡಿಯೊ ಮೂಲಕ ಒಂದೆಡೆಗೆ ಕಳುಹಿಸುವ ವ್ಯವಸ್ಥೆಯೇ ನಿಸ್ತಂತು ಸಂವೇದಕ ಜಾಲ. ಘಟಕವನ್ನು ನೋಡ್ ಎಂದೂ, ಅಳತೆಗಳನ್ನು ಸ್ವೀಕರಿಸಿ ಅಂತರಜಾಲಕ್ಕೆ ದಾಟಿಸುವ ಸಾಧನವನ್ನು ಗೇಟ್‌ವೇ ಎಂದೂ ಕರೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೀರು ನಿರ್ವಹಣಾ ಜಾಲವು ಕರ್ನಾಟಕದಲ್ಲಿ ಇದಕ್ಕೊಂದು ಉತ್ತಮ ನಿದರ್ಶನ.

ವಿದ್ಯುತ್ ಬಳಕೆ

ನೋಡ್‌ನಲ್ಲಿ ಹೆಚ್ಚಿನ ವಿದ್ಯುತ್ ವ್ಯಯವಾಗುವುದು ಸಾಮಾನ್ಯವಾಗಿ ಅಳತೆ ಮಾಡುವುದರಿಂದಲ್ಲ, ರೇಡಿಯೊದಿಂದ. ಸಂದೇಶ ಕಳುಹಿಸುವಾಗ ಮಾತ್ರವಲ್ಲದೆ, ಬರಬಹುದಾದ ಸಂದೇಶಕ್ಕಾಗಿ ಸುಮ್ಮನೆ ಆಲಿಸುತ್ತಿರುವಾಗಲೂ ರೇಡಿಯೊ ವಿದ್ಯುತ್ತನ್ನು ಬಳಸುತ್ತದೆ. ಸರಣಿಯಲ್ಲಿ ಜೋಡಿಸಿದ ಎರಡು ಪೆನ್ಸಿಲ್ ಸೆಲ್‌ಗಳ ಸಾಮರ್ಥ್ಯ 2,500 ಮಿಲಿಆಂಪಿಯರ್-ಗಂಟೆ ಎಂದೂ, ಆಲಿಸುವ ರೇಡಿಯೊ 20 ಮಿಲಿಆಂಪಿಯರ್ ಎಳೆಯುತ್ತದೆ ಎಂದೂ ಭಾವಿಸಿದರೆ ಸೆಲ್‌ಗಳು 125 ಗಂಟೆಗಳಲ್ಲಿ, ಅಂದರೆ ಸುಮಾರು ಐದು ದಿನಗಳಲ್ಲಿ ಬರಿದಾಗುತ್ತವೆ. ಅದೇ ರೇಡಿಯೊವನ್ನು ಶೇ. 1ರಷ್ಟು ಕಾಲ ಮಾತ್ರ ಎಚ್ಚರವಾಗಿಟ್ಟರೆ ಲೆಕ್ಕದ ಪ್ರಕಾರ 12,500 ಗಂಟೆ, ಸುಮಾರು 17 ತಿಂಗಳು ಬಾಳುತ್ತವೆ. ಸೆಲ್‌ಗಳು ತಾವಾಗಿಯೇ ಕ್ಷೀಣಿಸುವುದರಿಂದ ನಿಜವಾದ ಅವಧಿ ಇದಕ್ಕಿಂತ ಕಡಿಮೆ.

ಒಂದು ನೋಡ್ ಮತ್ತೊಂದರ ಸಂದೇಶವನ್ನು ಮುಂದಕ್ಕೆ ದಾಟಿಸುವ ಜಾಲಗಳಲ್ಲಿ ಗೇಟ್‌ವೇಗೆ ಸಮೀಪದ ನೋಡ್‌ಗಳ ಮೇಲೆ ಹೊರೆ ಹೆಚ್ಚು. ಅವುಗಳ ಬ್ಯಾಟರಿಯೇ ಮೊದಲು ಮುಗಿಯುತ್ತದೆ. ಲೋರಾವಾನ್ ವಿಧಾನದಲ್ಲಿ ನೋಡ್‌ಗಳು ನೇರವಾಗಿ ಗೇಟ್‌ವೇಗೆ ಕಳುಹಿಸುವುದರಿಂದ ಈ ತೊಂದರೆಯಿಲ್ಲ. ಆದರೆ ಅದರ 'ಎ' ವರ್ಗದ ನೋಡ್ ತಾನು ಸಂದೇಶ ಕಳುಹಿಸಿದ ನಂತರವಷ್ಟೇ ಸ್ವಲ್ಪ ಹೊತ್ತು ಆಲಿಸುತ್ತದೆ. ತಕ್ಷಣವೇ ಮುಚ್ಚಬೇಕಾದ ವಾಲ್ವ್‌ಗೆ ಇದು ಸೂಕ್ತವಲ್ಲ.

ಆವರ್ತನದ ಆಯ್ಕೆ

ಜಿಗ್ಬೀ ಸಾಧನಗಳು ಹೆಚ್ಚಾಗಿ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೈ-ಫೈ ದಟ್ಟಣೆ ಇರುತ್ತದೆ; ಮರಗಿಡಗಳೂ ಆ ಸಂಕೇತವನ್ನು ಹೆಚ್ಚು ಹೀರುತ್ತವೆ. ಭಾರತದಲ್ಲಿ 865–867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, ನಿಗದಿತ ಶಕ್ತಿಮಿತಿಯೊಳಗೆ, ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ವೇಗ ಕಡಿಮೆಯಾದರೂ ಇಲ್ಲಿ ಸಂಕೇತ ದೂರ ತಲುಪುತ್ತದೆ. ಟ್ಯಾಂಕಿನ ನೀರಿನ ಮಟ್ಟ ಕೆಲವೇ ಬೈಟ್‌ಗಳ ಮಾಹಿತಿಯಾದ್ದರಿಂದ ವೇಗದ ಕೊರತೆ ಅಡ್ಡಿಯಾಗದು.

ಭಾರತೀಯ ವಿಜ್ಞಾನ ಸಂಸ್ಥೆಯ ಜಾಲ

ಮರಗಳಿಂದ ತುಂಬಿದ ಈ ಆವರಣದ ನೀರು ಸರಬರಾಜನ್ನು ಗಮನಿಸಲು ಭರದ್ವಾಜ್ ಅಮೃತೂರ್, ಎಂ. ಎಸ್. ಮೋಹನ್ ಕುಮಾರ್ ಮತ್ತು ಸಂಗಡಿಗರು ಜಾಲವೊಂದನ್ನು ರೂಪಿಸಿ 2015ರಲ್ಲಿ ಅದರ ವಿವರ ಪ್ರಕಟಿಸಿದರು. ಇದರಲ್ಲಿ 1 ಗಿಗಾಹರ್ಟ್ಸ್‌ಗಿಂತ ಕೆಳಗಿನ ಆವರ್ತನದ ರೇಡಿಯೊ ಹಾಗೂ ಶ್ರವಣಾತೀತ ಮಟ್ಟಮಾಪಕಗಳನ್ನು ಬಳಸಲಾಯಿತು. ಇಂತಹ ಮಾಪಕವು ಟ್ಯಾಂಕಿನ ಮೇಲ್ಭಾಗದಿಂದ ಧ್ವನಿತರಂಗವನ್ನು ಕಳುಹಿಸಿ, ಅದು ನೀರಿಗೆ ತಗುಲಿ ಮರಳುವ ಸಮಯದಿಂದ ಮಟ್ಟವನ್ನು ಲೆಕ್ಕ ಹಾಕುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಬದಲಾಗುವುದರಿಂದ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀರಿನ ಬಳಕೆಯಿಲ್ಲದ ನಡುರಾತ್ರಿಯಲ್ಲಿ ಮಟ್ಟ ಇಳಿಯುತ್ತಿದ್ದರೆ ಸೋರಿಕೆಯನ್ನು ಶಂಕಿಸಬಹುದು. ಜಾಲದ ನೇರ ಪ್ರಯೋಜನ ಇದೇ.

ಬೆಳಗಾವಿ ಮತ್ತು ಖಾನಾಪುರ ಪರಿಸರ

1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 'ಜ್ಞಾನ ಸಂಗಮ' ಆವರಣವು ಬೆಳಗಾವಿಯಿಂದ ಖಾನಾಪುರದತ್ತ ಸಾಗುವ ದಾರಿಯಲ್ಲಿ ಮಚ್ಛೆಯ ಬಳಿಯಿದೆ. ಇಲ್ಲಿಂದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಸಾಗಿದಂತೆ ಮಳೆಯೂ ಕಾಡೂ ದಟ್ಟವಾಗುತ್ತವೆ. ಇಂತಹ ಕಡೆ ಬೇಸಿಗೆಯಲ್ಲಿ ಪರೀಕ್ಷಿಸಿ ಗಟ್ಟಿಯೆಂದು ಕಂಡ ರೇಡಿಯೊ ಸಂಪರ್ಕ ಜುಲೈನಲ್ಲಿ ದುರ್ಬಲವಾಗಬಹುದು, ಏಕೆಂದರೆ ಒದ್ದೆಯಾದ ಎಲೆಗಳು ಒಣ ಎಲೆಗಳಿಗಿಂತ ಹೆಚ್ಚು ಸಂಕೇತವನ್ನು ಹೀರುತ್ತವೆ. ಆದ್ದರಿಂದ ಅಂತಿಮ ಪರೀಕ್ಷೆಯನ್ನು ಮಳೆಗಾಲದಲ್ಲಿಯೇ ನಡೆಸುವುದು ಸರಿ. ಸೌರಫಲಕವನ್ನು ನೆಚ್ಚಿಕೊಂಡರೆ, ಬಿಸಿಲು ಕಾಣದ ವಾರಗಳನ್ನು ದಾಟಿಸಬಲ್ಲ ಬ್ಯಾಟರಿ ಇರಬೇಕು.

ಮೇಲ್ಟ್ಯಾಂಕಿನ ಎತ್ತರ ರೇಡಿಯೊಗೆ ಅನುಕೂಲ. ನೆಲದಡಿಯ ಸಂಪು ಹಾಗಲ್ಲ. ಕಾಂಕ್ರೀಟು ಮತ್ತು ಮಣ್ಣು ಸಂಕೇತವನ್ನು ತಡೆಯುವುದರಿಂದ ಸಂಪಿನ ಆಂಟೆನಾವನ್ನು ಹೊರಗೆ ಕಂಬದ ಮೇಲೆ ನಿಲ್ಲಿಸಬೇಕಾಗುತ್ತದೆ. ಎತ್ತರದ ಚಾವಣಿಯ ಮೇಲಿನ ಗೇಟ್‌ವೇಗೆ ಮುಂಗಾರುಪೂರ್ವ ಗುಡುಗುಮಳೆಯ ದೃಷ್ಟಿಯಿಂದ ಸಿಡಿಲು ರಕ್ಷಣೆ ಹಾಗೂ ಸರಿಯಾದ ಅರ್ಥಿಂಗ್ ಅಗತ್ಯ.