ಮಾತು, ಮಿದುಳು ಮತ್ತು ಅಫೇಸಿಯಾ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು ಅಥವಾ ಮಿದುಳಿನ ಗಡ್ಡೆಯ ಕಾರಣದಿಂದ ಮಿದುಳಿಗೆ ಹಾನಿಯಾದಾಗ ವ್ಯಕ್ತಿಯು ಮಾತನಾಡುವ, ಮಾತನ್ನು ಅರ್ಥಮಾಡಿಕೊಳ್ಳುವ, ಓದುವ ಹಾಗೂ ಬರೆಯುವ ಸಾಮರ್ಥ್ಯವನ್ನು ಪೂರ್ಣವಾಗಿ ಅಥವಾ ಭಾಗಶಃ ಕಳೆದುಕೊಳ್ಳಬಹುದು. ಈ ಸ್ಥಿತಿಯನ್ನು ಅಫೇಸಿಯಾ ಎಂದು ಕರೆಯಲಾಗುತ್ತದೆ. ಇದು ಬುದ್ಧಿಮಾಂದ್ಯತೆಯಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. ಈ ವ್ಯತ್ಯಾಸವನ್ನು ಅರಿಯದಿದ್ದಲ್ಲಿ ಅರ್ಹ ವ್ಯಕ್ತಿಯು ತನ್ನ ಹಕ್ಕಿನಿಂದ ವಂಚಿತನಾಗುವ ಸಂಭವವಿರುತ್ತದೆ.

2. ಭಾಷೆಯ ಗ್ರಹಿಕೆ ಮತ್ತು ಉತ್ಪಾದನೆ

ಕೇಳುವಾಗ ಮನಸ್ಸು ಧ್ವನಿಗಳನ್ನು ಬೇರ್ಪಡಿಸಿ, ಪದಗಳನ್ನು ಗುರುತಿಸಿ, ಅವುಗಳ ಪರಸ್ಪರ ಸಂಬಂಧವನ್ನು ನಿರ್ಧರಿಸುತ್ತದೆ. "ತಹಶೀಲ್ದಾರರು ಅರ್ಜಿದಾರರಿಗೆ ಪತ್ರ ಕೊಟ್ಟರು" ಮತ್ತು "ತಹಶೀಲ್ದಾರರಿಗೆ ಅರ್ಜಿದಾರರು ಪತ್ರ ಕೊಟ್ಟರು" ಎಂಬ ಎರಡು ವಾಕ್ಯಗಳಲ್ಲಿ ಪದಗಳ ಕ್ರಮ ಒಂದೇ ಆಗಿದೆ. ವಿಭಕ್ತಿ ಪ್ರತ್ಯಯಗಳು ಬದಲಾದ ಮಾತ್ರಕ್ಕೆ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಬದಲಾಗುತ್ತದೆ. ಅಫೇಸಿಯಾ ಉಳ್ಳ ಕೆಲವರಿಗೆ ಪ್ರತಿಯೊಂದು ಪದವೂ ತಿಳಿದಿದ್ದು, ಈ ಸಂಬಂಧ ಮಾತ್ರ ತಿಳಿಯದೆ ಹೋಗಬಹುದು.

ಮಾತನಾಡುವಾಗ ಆಶಯವನ್ನು ರೂಪಿಸುವುದು, ಪದಗಳನ್ನು ಆರಿಸುವುದು, ಪ್ರತ್ಯಯಗಳೊಡನೆ ಜೋಡಿಸುವುದು, ಧ್ವನಿಗಳನ್ನು ಅಣಿಗೊಳಿಸುವುದು ಹಾಗೂ ನಾಲಿಗೆ, ತುಟಿಗಳನ್ನು ಚಲಿಸುವುದು ಎಂಬ ಹಂತಗಳಿವೆ. ಆಶಯವು ಸ್ಪಷ್ಟವಾಗಿದ್ದರೂ ಮುಂದಿನ ಹಂತದಲ್ಲಿ ತಡೆಯುಂಟಾದರೆ ಮಾತು ಹೊರಬರುವುದಿಲ್ಲ.

3. ಮಿದುಳಿನ ಪಾತ್ರ

ಹೆಚ್ಚಿನ ಜನರಲ್ಲಿ ಭಾಷೆಯ ಕಾರ್ಯಗಳು ಮುಖ್ಯವಾಗಿ ಮಿದುಳಿನ ಎಡಭಾಗವನ್ನು ಅವಲಂಬಿಸಿವೆ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅವರು 1861ರಲ್ಲಿ "ಟಾನ್" ಎಂಬ ಉಚ್ಚಾರವನ್ನಷ್ಟೇ ಉಳಿಸಿಕೊಂಡಿದ್ದ ರೋಗಿಯ ಮಿದುಳಿನ ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದರು. ಆ ರೋಗಿಯು ಇತರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದನು. 1874ರಲ್ಲಿ ಕಾರ್ಲ್ ವೆರ್ನಿಕೆ ಅವರು, ಮಾತು ಸರಾಗವಾಗಿದ್ದರೂ ಗ್ರಹಿಕೆ ಕುಂದಿರುವ ಬೇರೊಂದು ಬಗೆಯನ್ನು ವಿವರಿಸಿದರು. ಬ್ರೋಕಾ ಅವರ ಇಬ್ಬರು ರೋಗಿಗಳ ಸಂರಕ್ಷಿತ ಮಿದುಳುಗಳನ್ನು ಎಂಆರ್‌ಐ ಮೂಲಕ ಮರುಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾನಿಯು ಇನ್ನೂ ಆಳಕ್ಕೆ ಹರಡಿದ್ದುದು ಕಂಡುಬಂದಿತು. ಆದುದರಿಂದ ಭಾಷೆಯು ಒಂದೇ ಕೇಂದ್ರದ ಕೆಲಸವಲ್ಲ, ಪರಸ್ಪರ ಸಂಪರ್ಕವಿರುವ ಹಲವು ಭಾಗಗಳ ಕೆಲಸವೆಂದು ಈಗ ಪರಿಗಣಿಸಲಾಗಿದೆ.

4. ಕಚೇರಿಗೆ ಬರುವ ಅರ್ಜಿದಾರರು ಮತ್ತು ಸಹಾಯಕರ ಗಮನಕ್ಕೆ

ಅ) ಪ್ರಶ್ನೆಗಳು ಚಿಕ್ಕದಾಗಿರಲಿ, ಒಮ್ಮೆಗೆ ಒಂದನ್ನೇ ಕೇಳಿ, ಉತ್ತರಕ್ಕೆ ಸಮಯ ನೀಡತಕ್ಕದ್ದು.
ಆ) ಹೌದು ಅಥವಾ ಇಲ್ಲ ಎಂಬ ಉತ್ತರ, ಸನ್ನೆ, ಚಿತ್ರ ಮತ್ತು ಬರಹವನ್ನು ಬಳಸಬಹುದು. ಕೆಲವರು "ಹೌದು" ಎನ್ನಲು "ಇಲ್ಲ" ಎನ್ನುವುದುಂಟು. ಉತ್ತರವನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳತಕ್ಕದ್ದು.
ಇ) ಶ್ರವಣದೋಷವಿಲ್ಲದಿದ್ದಲ್ಲಿ ಗಟ್ಟಿಯಾಗಿ ಕೂಗುವುದರಿಂದ ಪ್ರಯೋಜನವಿಲ್ಲ.
ಈ) ಸಹಾಯಕರು ಜೊತೆಗಿದ್ದರೂ ಅರ್ಜಿದಾರರನ್ನೇ ಉದ್ದೇಶಿಸಿ ಮಾತನಾಡತಕ್ಕದ್ದು.
ಉ) ಎಡ ಮಿದುಳಿನ ಹಾನಿಯಿಂದ ಬಲಗೈ ದುರ್ಬಲವಾಗಿ ಸಹಿ ಬದಲಾಗಬಹುದು. ಕೇಂದ್ರದ ಕಾಯ್ದೆಗಳಿಗೆ ಅನ್ವಯಿಸುವ ಜನರಲ್ ಕ್ಲಾಸಸ್ ಅಧಿನಿಯಮ, 1897ರಂತೆ ಹೆಸರು ಬರೆಯಲಾಗದವರ ಗುರುತೂ ಸಹಿ ಎಂಬುದರಲ್ಲಿ ಸೇರುತ್ತದೆ.

5. ಕಾನೂನಿನ ರಕ್ಷಣೆ ಮತ್ತು ಪ್ರಮಾಣಪತ್ರ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಅಫೇಸಿಯಾದಿಂದ ಉಂಟಾದ ಶಾಶ್ವತ ವಾಕ್ ಮತ್ತು ಭಾಷಾ ನ್ಯೂನತೆಯನ್ನು ಸೇರಿಸಲಾಗಿದೆ. ಇತರರಿಗೆ ಸಮಾನವಾಗಿ ಆಸ್ತಿ ಹೊಂದುವ ಹಾಗೂ ಹಣಕಾಸಿನ ವ್ಯವಹಾರವನ್ನು ನಿರ್ವಹಿಸುವ ಹಕ್ಕನ್ನು ಸದರಿ ಅಧಿನಿಯಮವು ಮಾನ್ಯ ಮಾಡುತ್ತದೆ. ಮೀಸಲಾತಿಯಂತಹ ಕೆಲವು ಸೌಲಭ್ಯಗಳಿಗೆ ನ್ಯೂನತೆಯ ಪ್ರಮಾಣ ಶೇಕಡಾ 40ಕ್ಕಿಂತ ಕಡಿಮೆ ಇರಬಾರದು. ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಗಾಗಿ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು.

6. ಚಿಕಿತ್ಸೆ

ವಾಕ್ ಮತ್ತು ಭಾಷಾ ಚಿಕಿತ್ಸೆಯಿಂದ ಹಲವರಲ್ಲಿ ಸುಧಾರಣೆ ಕಂಡುಬರುತ್ತದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ಸೇವೆ ಮತ್ತು ತರಬೇತಿ ನೀಡುತ್ತಿದೆ. ಎರಡು ಭಾಷೆ ಬಲ್ಲವರಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಮರಳದಿರಬಹುದು; ಮನೆಯಲ್ಲಿ ಆಡುವ ಭಾಷೆಯನ್ನು ಚಿಕಿತ್ಸಕರಿಗೆ ತಿಳಿಸತಕ್ಕದ್ದು.

ವಿಶೇಷ ಸೂಚನೆ: ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅಥವಾ ಒಂದು ಕೈ ಶಕ್ತಿಗುಂದಿದರೆ ಕೂಡಲೇ 108ಕ್ಕೆ ಕರೆ ಮಾಡುವುದು. ರಕ್ತ ಹೆಪ್ಪುಗಟ್ಟಿ ಉಂಟಾದ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ.